ಬಾರದ ಭಾಷೆಯಲ್ಲಿ ಹಾಕಿಸಿದ ಜೈಕಾರ

ಏಷ್ಯಾದ ಮಹಾ ಕ್ರೀಡಾಕೂಟದ ಉದ್ಘಾಟನೆಗೆ ಪ್ರೇಕ್ಷಕರನ್ನು ಹೊಂದಿಸಿಕೊಟ್ಟ ಮಾನ್ಯ ಅಧಿಕಾರಿಗಳೇ,

ಮೊನ್ನೆ ಸಂಜೆ ನೀವು ನನ್ನ ಹೆಂಡತಿಯ ಬಾಯಿಂದ ಒಬ್ಬ ಹುಡುಗಿಗೆ ಸುಳ್ಳು ಹೇಳಿಸಿದಿರಿ. ಬೇಕೆಂದೇ ಹೇಳಿಸಿದಿರೋ, ಯೋಚಿಸದೆ ಹೇಳಿಸಿದಿರೋ ಎಂಬ ಅನುಮಾನ ನನಗಿನ್ನೂ ಇದೆ. ಯಾವುದಾದರೂ ನಿಮ್ಮ ಕುರ್ಚಿಗೆ ಶೋಭೆಯಲ್ಲ.

ನನ್ನದು ಕನ್ನಡಕದ ಅಂಗಡಿ. ಹೆಂಡತಿ ಸರಕಾರಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಕಳೆದ ವಾರ ಅವಳ ಮುಖ್ಯೋಪಾಧ್ಯಾಯರು, "ಉದ್ಘಾಟನೆಗೆ ಎಲ್ರೂ ಮನೆಯವರನ್ನ ಕರ್ಕೊಂಡು ಬನ್ನಿ. ಕಡ್ಡಾಯ ಏನಲ್ಲ. ಬರದೇ ಇರೋರು ಮಾತ್ರ ಕಾರಣ ಬರ್ದು ಕೊಡಿ" ಎಂದರಂತೆ. ಪುಕ್ಕಟೆ ಪ್ರವೇಶ, ಅದೂ ಮುಂದಿನ ಸಾಲು! ನಮ್ಮಂಥವರಿಗೆ ಮುಂದಿನ ಸಾಲು ಸಿಕ್ಕಿತೆಂದರೆ ಎಲ್ಲೋ ಏನೋ ಎಡವಟ್ಟಿದೆ ಎಂದೆ. "ನಿಮ್ಮ ಕಣ್ಣಿಗೆ ಹಾಲೂ ಸುಣ್ಣದ ನೀರೇ" ಎಂದು ಹೆಂಡತಿ ನಕ್ಕಳು.

ಕ್ರೀಡಾಂಗಣದ ಬಾಗಿಲಲ್ಲಿ ನಮ್ಮ ತಲೆಗೆ ನೀಲಿ ಟೊಪ್ಪಿ ಬಿತ್ತು, ಕೈಗೆ ಪುಟ್ಟ ಬಾವುಟ ಬಂತು. ಅದು ನಮ್ಮ ಬಾವುಟವಲ್ಲ. ಎಲ್ಲೋ ದೂರದ, ಗುಡ್ಡಗಾಡಿನ ಒಂದು ಸಣ್ಣ ದೇಶದ್ದು. ನಿಮ್ಮ ಸಹಾಯಕ ಧ್ವನಿವರ್ಧಕ ಹಿಡಿದು ನಮಗೊಂದು ಘೋಷಣೆ ಬಾಯಿಪಾಠ ಮಾಡಿಸಿದ. "ಇವತ್ತು ನೀವೆಲ್ಲ ಆ ದೇಶದೋರು. ಅವರ ತಂಡ ಬಂದಾಗ ಇದನ್ನೇ ಕೂಗ್ಬೇಕು."

"ಹಾಗಂದ್ರೇನು ಸಾರ್?" ಎಂದು ಕೇಳಿದೆ.

"ಅರ್ಥ ಕಟ್ಕೊಂಡು ಏನ್ ಮಾಡ್ತೀರಿ? ಜೋರಾಗಿ ಕೂಗಿ ಸಾಕು."

ಎದುರಿನ ಸಾಲಿನಲ್ಲಿ ಕೆಂಪು ಟೊಪ್ಪಿ ಹಾಕಿಕೊಂಡು ಕುಣಿಯುತ್ತಿದ್ದ 'ವಿದೇಶಿ'ಯರ ನಡುವೆ ನನ್ನ ಅಂಗಡಿಯ ಮೇಲಿನ ಮಹಡಿಯ ದಂತವೈದ್ಯರು ಕಂಡರು. ನನ್ನನ್ನು ನೋಡಿ ಮುಖ ತಿರುಗಿಸಿದರು. ಅಂದು ಆ ಜಾಗದಲ್ಲಿ ನಿಜವಾದ ಪ್ರೇಕ್ಷಕರು ಎಷ್ಟು ಮಂದಿ ಇದ್ದರು ಸ್ವಾಮಿ? ದೀಪಗಳಾದರೂ ನಿಜವೇ?

ಆ ದೇಶದ ತಂಡ ಬಂತು. ನಾಲ್ಕೇ ಜನ. ನಾವು ಗಂಟಲು ಹರಿಯುವಂತೆ ಕೂಗಿದೆವು. ಕೊನೆಯಲ್ಲಿದ್ದ ಓಟಗಾರ್ತಿ ನಮ್ಮನ್ನು ಕಂಡು ಗಕ್ಕನೆ ನಿಂತಳು. ಸಾಲು ಬಿಟ್ಟು ಕಂಬಿಯ ಹತ್ತಿರ ಓಡಿ ಬಂದು, ನನ್ನ ಹೆಂಡತಿಯ ಕೈ ಹಿಡಿದು ಏನೋ ಕೇಳಿದಳು. ಮತ್ತೆ ಅದನ್ನೇ ಕೇಳಿದಳು. ಹೆಂಡತಿ ಕಂಗಾಲಾದಳು. ಆ ಭಾಷೆಯಲ್ಲಿ ಅವಳಿಗೆ ಬರುತ್ತಿದ್ದುದು ಒಂದೇ ಮಾತು, ಅದನ್ನೇ ಹೇಳಿಬಿಟ್ಟಳು. ಹುಡುಗಿ ನಕ್ಕಳು, ಅತ್ತಳು, ಆ ಕೈಗಳನ್ನು ಕಣ್ಣಿಗೊತ್ತಿಕೊಂಡಳು. ದೊಡ್ಡ ಪರದೆಯ ಮೇಲೆ ಅದನ್ನು ಕಂಡು ಇಡೀ ಕ್ರೀಡಾಂಗಣ ಚಪ್ಪಾಳೆ ತಟ್ಟಿತು. ನೀವೂ ತಟ್ಟಿರಬೇಕು.

ಮನೆಗೆ ಬಂದ ಹೆಂಡತಿ ಊಟಕ್ಕೆ ಏಳಲಿಲ್ಲ. "ಅವಳೇನ್ ಕೇಳಿದ್ಳೋ, ನಾನೇನ್ ಹೇಳಿದ್ನೋ."

ಮರುದಿನ ಶಾಲೆ ಬಿಟ್ಟ ಮೇಲೆ ಇಬ್ಬರೂ ಕ್ರೀಡಾಪಟುಗಳ ವಸತಿಗೆ ಹೋದೆವು. ಕಾವಲಿನವರು ಒಳಗೆ ಬಿಡಲಿಲ್ಲ. ನಾನು ಹಿಂದಿರುಗಲು ಸಿದ್ಧನಾಗಿದ್ದೆ. ಹೆಂಡತಿ ಮಾತ್ರ ಜಗ್ಗಲಿಲ್ಲ. "ನಾನು ಟೀಚರ್ ಕಣಪ್ಪ. ತಪ್ಪು ಉತ್ತರ ಹೇಳಿ ಬಂದಿದೀನಿ. ತಿದ್ದದೆ ಹೋಗಲ್ಲ." ಕೊನೆಗೆ ಎರಡೂ ಭಾಷೆ ಬಲ್ಲ ದುಭಾಷಿ ಹೆಣ್ಣುಮಗಳೊಬ್ಬಳು ಮರುಗಿ ಆ ಓಟಗಾರ್ತಿಯನ್ನು ಕರೆತಂದಳು.

ಆಗ ತಿಳಿಯಿತು. ಹುಡುಗಿ ಊರು ಬಿಟ್ಟ ಮೇಲೆ ಅಲ್ಲಿ ಭೂಕಂಪವಾಗಿದೆ. ಫೋನು ಸತ್ತಿದೆ. ಅವಳು ಕೇಳಿದ್ದು, "ನಮ್ಮ ಗುಡ್ಡದ ಊರಿನ ಸುದ್ದಿ ಗೊತ್ತಾ?" ಎಂದು. ನೀವು ಕಲಿಸಿದ ಘೋಷಣೆಯ ಅರ್ಥ, "ಎಲ್ಲರೂ ಕ್ಷೇಮ, ನೀವು ಗೆದ್ದು ಬನ್ನಿ!"

ಹೆಂಡತಿ ಅವಳ ಕೈ ಹಿಡಿದು, "ನಾನು ನಿಮ್ಮ ದೇಶದೋಳಲ್ಲಮ್ಮ. ನನಗೇನೂ ಗೊತ್ತಿಲ್ಲ" ಎಂದಳು. ದುಭಾಷಿಯ ಮಾತು ಮುಗಿದದ್ದೇ ಹುಡುಗಿ ಕೇಳಿದಳು.

"ಅಲ್ಲಿ ಕೂತಿದ್ದೋರೆಲ್ಲ?"

"ಎಲ್ರೂ ಇಲ್ಲಿಯೋರೇ."

ಅವಳು ಕೈ ಬಿಡಿಸಿಕೊಂಡಳು. ಬೈಯಲಿಲ್ಲ. ಬೈದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲವೇನೋ. "ಭೂಕಂಪ ಆದಾಗಿಂದ ಸರಿಯಾಗಿ ನಿದ್ದೆ ಬಂದಿದ್ದು ನಿನ್ನೆ ಒಂದಿನವೇ" ಎಂದಷ್ಟೇ ಹೇಳಿ ಒಳಗೆ ಹೋದಳು. ಅವಳಿಗೆ ಊರಿನಲ್ಲಿ ತಾಯಿ ಒಬ್ಬಳೇ ಎಂದು ದುಭಾಷಿ ಹೇಳಿದಳು.

ಇಂದು ಬೆಳಗ್ಗೆ ನಿಮ್ಮ ಸಹಾಯಕನ ಫೋನು ಬಂತು. ಭಾನುವಾರ ಅವಳ ಓಟಕ್ಕೂ ನಾವು ನೀಲಿ ಟೊಪ್ಪಿ ಹಾಕಿಕೊಂಡು ಬರಬೇಕಂತೆ. ಪರದೆಯ ಮೇಲೆ 'ಆ ದೃಶ್ಯ' ಬಹಳ ಚೆನ್ನಾಗಿ ಬಂದಿತ್ತಂತೆ! ಅಲ್ಲಿಯ ಭೂಕಂಪದ ಸುದ್ದಿ ನಿಮಗೆ ಆಗಲೇ ಗೊತ್ತಿತ್ತೇ?

ಹೋಗುತ್ತೇವೆ, ಆದರೆ ಬರಿದಲೆಯಲ್ಲಿ. ಅವಳ ಹೆಸರು ಹಿಡಿದು ನಮ್ಮ ಭಾಷೆಯಲ್ಲೇ ಕೂಗುತ್ತೇವೆ, ಅವಳು ನಮ್ಮ ಕಡೆ ನೋಡಲಿ ಬಿಡಲಿ. ತಡೆಯಬೇಡಿ. ಅದಕ್ಕಿಂತ ಮೊದಲು ನೀವು ಮಾಡಬೇಕಾದ ಕೆಲಸ ಒಂದಿದೆ. ದೊಡ್ಡವರು, ರಾಯಭಾರಿಗಳು ಎಲ್ಲ ಒಂದು ಫೋನಿನ ದೂರದಲ್ಲಿ ನಿಮಗೆ ಸಿಗುತ್ತಾರೆ. ಒಂದು ಸಂಜೆಗೆ ಒಂದು ದೇಶಕ್ಕಾಗುವಷ್ಟು ಜನರನ್ನು ಹುಡುಕಿ ತಂದವರು ನೀವು. ಅವಳ ತಾಯಿಯೊಬ್ಬಳನ್ನು ಹುಡುಕಿ. ಸುದ್ದಿ ಒಳ್ಳೆಯದಿರಲಿ, ಕೆಟ್ಟದ್ದಿರಲಿ, ನೀವೇ ಹೋಗಿ ಅವಳಿಗೆ ನಿಜ ಹೇಳಿ.

ಇಂತಿ,
ನಿಮ್ಮ ಅಪ್ಪಣೆಯ ಮೇರೆಗೆ ಒಂದು ಸಂಜೆ ಪರದೇಶಿಯಾದ,
ಇದೇ ಊರಿನ ಕನ್ನಡಕದ ಅಂಗಡಿಯವನು