ಸೊಟ್ಟ ಬಾಲದ ಅಕ್ಷರ

ಪಾದುವಾ, ನವೆಂಬರ್ ೧೪೭೮

ಲುದೋವಿಕೋ,

ಇವತ್ತು ನಿನ್ನ ಹೆಂಡತಿ ಒರ್ಸೋಲಾ ವೆನಿಸ್ಸಿನಿಂದ ಬಂದಿದ್ದಳು. ನೀನು ಪ್ಲೇಗಿನಲ್ಲಿ ತೀರಿಕೊಂಡೆಯೆಂದು ಹೇಳಿ, ನೀನು ಅಚ್ಚು ಹಾಕಿದ ಪುಸ್ತಕವೊಂದನ್ನು ನನ್ನ ಮೇಜಿನ ಮೇಲಿಟ್ಟಳು. ಕೈಯಲ್ಲಿ ಪುಸ್ತಕ ಬರೆದು ಹೊಟ್ಟೆ ಹೊರೆಯುವ ನಾನು, ನೀನು ಗೆಳೆಯನಾದರೂ, ನಿನ್ನ ಅಚ್ಚಿನ ಪುಸ್ತಕವನ್ನು ಇದುವರೆಗೆ ಮುಟ್ಟಿಯೂ ಇರಲಿಲ್ಲ. ಇವತ್ತು ಬಿಚ್ಚಿದೆ. ಅದು ನನ್ನದೇ ಕೈಬರಹ! ಮುರಿದು ಕೂಡಿದ ಬೆರಳಿನಿಂದಾಗಿ ನಾನು ಬರೆಯುವ ಲ್ಯಾಟಿನ್ ‘ಜಿ’ ಅಕ್ಷರದ ಬಾಲ ಸೊಟ್ಟಗಾಗುತ್ತದಲ್ಲ, ಪುಟಪುಟದಲ್ಲೂ ಅದೇ ಬಾಲ.

“ಇದನ್ನ ನಾನು ಬರೆದಿಲ್ಲಮ್ಮ,” ಎಂದು ತೊದಲಿದೆ.

“ಗೊತ್ತು, ಅಂಬ್ರೋಜೋ ಅಣ್ಣ. ನೀವು ಬರೆದುಕೊಟ್ಟಿದ್ದ ಪ್ರಾರ್ಥನೆ ಪುಸ್ತಕ ಎದುರಿಗಿಟ್ಕೊಂಡೇ ಇವ್ರು ಅಚ್ಚಿನ ಮೊಳೆಗೆ ಅಂತ ಒಂದೊಂದು ಅಕ್ಷರಾನೂ ಉಕ್ಕಲ್ಲಿ ಕೊರೆದ್ರು. ಬಾಲ ನೆಟ್ಟಗೆ ಮಾಡೋಣ್ವಾ ಅಂತ ಆಳುಗಳು ಕೇಳಿದ್ರೆ, ‘ಮುಟ್ಟಿದ್ರೆ ನೋಡಿ! ಅದು ನಮ್ ಅಂಬ್ರೋಜೋ ಕೈ’ ಅಂತ ರೇಗೋರು.”

“ನನಗ್ಯಾಕೆ ಹೇಳ್ಲಿಲ್ಲ ಅವನು?”

“ಹೇಳೋಕೇ ಅಲ್ವಾ ಬಂದಿದ್ದು? ಮೊದಲ ಪ್ರತಿ ಹಿಡ್ಕೊಂಡು ಇದೇ ಬಾಗಿಲಲ್ಲಿ ಸಂಜೆವರೆಗೂ ನಿಂತಿದ್ರಂತೆ. ನೀವು ಊರಲ್ಲಿರಲಿಲ್ಲ ಅಂತ ವಾಪಸ್ ಬಂದು ಅವರೇ ಹೇಳಿದ್ರು.”

“ಹೌದಮ್ಮ, ಊರಲ್ಲಿರಲಿಲ್ಲ,” ಎಂದೆ.

ಲುದೋವಿಕೋ, ಅವತ್ತು ಬಾಗಿಲು ತೆಗೆಯದೆ ಮಹಡಿಯ ಕಿಟಕಿಯಲ್ಲಿ ನಾನು ನಿಂತಿದ್ದು ನಿನಗೆ ಕಂಡಿತ್ತು. ನೀನು ಕೈ ಕೂಡ ಎತ್ತಿದ್ದೆ.