ಕಾರಿನಲ್ಲಿ ಕೂತು ಉಣ್ಣುವವನು

ಮಾರ್ಚ್ 3, ಭಾನುವಾರ

ಕಾರಿನಲ್ಲೇ ಕೂತು ಇನ್ನೊಂದು ಮೀನು-ಚಿಪ್ಸ್ ವಿಡಿಯೋ. ಹತ್ತಕ್ಕೆ ಆರು ಅಂಕ ಕೊಟ್ಟೆ. ಬಟಾಣಿ ತಣ್ಣಗಿತ್ತು, ಹಾಗಂತ ಕ್ಯಾಮೆರಾ ಮುಂದೆ ಕಿರುಚಾಡಿದೆ. ಲೆಸ್ಟರಿನ ಚಿಪ್ಸ್ ಅಂಗಡಿಗಳೇ ಮುಗಿಯುತ್ತ ಬಂದವು, ಇನ್ನು ಪಕ್ಕದ ಊರಿಗೆ ಹೋಗಬೇಕು. ಸಂಜೆಗೆ ಮೂರು ಲಕ್ಷ ಜನ ನೋಡಿದ್ದಾರೆ.

ಹೋದ ವಾರ ಹಾಕಿದ ನನ್ನ ಹಾಡನ್ನು ನೋಡಿದವರು ಆರುನೂರು. ಅದರಲ್ಲಿ ಅಮ್ಮನೇ ಎಷ್ಟು ಸಲವೋ.

ಪಾರ್ಕಿಂಗಿನಲ್ಲಿ ಒಬ್ಬ ಹೆಂಗಸು ಫೋಟೋ ಕೇಳಿದಳು. “ಚಿಪ್ಸ್ ಜೆವ್ ನೀವೇ ಅಲ್ವಾ? ನಮ್ಮನೇಲಿ ಎಲ್ರೂ ನಿಮ್ಮನ್ನ ನೋಡ್ಕೊಂಡೇ ಊಟ ಮಾಡೋದು.” ನಾನು ಗ್ರೈಮ್ ಹಾಡುವ ಎಂಸಿ, ಎಂಸಿ ಫ್ಲಿಂಟ್ ಅಂತ ಹೆಸರು, ಎಂದೆ. “ಓ, ಅದೂ ಮಾಡ್ತೀರಾ!” ಎಂದಳು. ಹದಿನಾಲ್ಕನೇ ವಯಸ್ಸಿನಿಂದ ಮಾಡುತ್ತಿರುವುದೇ ಅದು ಕಣಮ್ಮಾ. ನಿಮಿಷಕ್ಕೆ ನೂರನಲವತ್ತು ಬಡಿತ, ಅದರ ಮೇಲೆ ಉಸಿರು ಬಿಡದೆ ಮಾತು. ಅದು ನನ್ನ ಕಸುಬು. ಚಿಪ್ಸ್ ಬರೀ... ಚಿಪ್ಸ್ ಏನು ಅಂತ ನನಗೂ ಗೊತ್ತಿಲ್ಲ.

ಮಾರ್ಚ್ 6, ಬುಧವಾರ

ಎದ್ದರೆ ಫೋನಿನಲ್ಲಿ ನಾನೂರು ಮೆಸೇಜು. ಎಲ್ಲರದೂ ಒಂದೇ ರಾಗ — “ಜೆವ್, ಹಾಡಲ್ಲಿ ನಿಂಗೇ ಹೊಡ್ದಿದ್ದಾನೆ. ನೋಡಿದ್ಯಾ?”

ಹೊಡೆದವನು ಡಾರ್ಬಿಯ ಎಂಸಿ ಮಾರ್ಟರ್. ನಿಜ ಹೆಸರು ಆಲ್ಡನ್. ನಮ್ಮ ಕೆಸ್ಟರನ ಚಿಕ್ಕಮ್ಮನ ಮಗ. ಅದಕ್ಕೇ ಉರಿ ಹೆಚ್ಚು. ಕೆಸ್ಟರ್ ಶಾಲೆಯ ಕಾಲದಿಂದ ನನ್ನ ಪಕ್ಕದಲ್ಲಿದ್ದಾನೆ, ನನ್ನ ಹಾಡಿಗೆಲ್ಲ ತಾಳ ಕಟ್ಟಿದ್ದು ಅವನೇ, ಹಾಡುವಾಗ ರೆಕಾರ್ಡ್ ಹಾಕುವ ಡಿಜೆ ಅವನೇ. ಅವನ ತಮ್ಮನೇ ಹೀಗೆ ಮಾಡುವುದೇ? ಆಲ್ಡನ್ ನಮ್ಮ ಮನೆಗೂ ಬಂದವನು. ಮಾತು ಕಡಿಮೆ.

ಅವನ ಹೊಸ ಹಾಡು ಮೂರು ನಿಮಿಷ. ನಡುವೆ ಒಂದು ಸಾಲು: ಕಾರಿನಲ್ಲಿ ಕೂತು ಉಣ್ಣುತ್ತಾನೆ, ಅದನ್ನೇ ಕೆಲಸ ಅನ್ನುತ್ತಾನೆ, ಇವನನ್ನು ಎಂಸಿ ಅಂದವರು ಯಾರು?

ಹೆಸರಿಲ್ಲ. ಹೆಸರು ಯಾಕೆ ಬೇಕು? ಇಡೀ ಇಂಗ್ಲೆಂಡಿನಲ್ಲಿ ಕಾರಿನಲ್ಲಿ ಕೂತು ಉಣ್ಣುವ ಎಂಸಿ ಎಷ್ಟು ಜನ ಇದ್ದಾರೆ? ಹನ್ನೆರಡು ಸಲ ಕೇಳಿದೆ. ಹನ್ನೆರಡನೇ ಸಲವೂ ಮೈ ಉರಿಯಿತು.

ನಮ್ಮಲ್ಲಿ ನಿಯಮ ಸರಳ. ಹಾಡಿನಲ್ಲಿ ಹೊಡೆದವನಿಗೆ ಹಾಡಿನಲ್ಲೇ ತಿರುಗಿ ಕೊಡಬೇಕು, ಎರಡು ದಿನದೊಳಗೆ. ಸುಮ್ಮನಿದ್ದವನು ಸೋತವನು. ಫೋನ್ ಮಾಡಿ “ನನಗೇ ಅಂದ್ಯಾ?” ಎಂದು ಕೇಳುವ ಪದ್ಧತಿಯೇ ಇಲ್ಲ. ಕೇಳಿದರೆ ಮಾನ ಅಲ್ಲೇ ಹೋಯಿತು.

ಮಾರ್ಚ್ 7, ಗುರುವಾರ, ಬೆಳಿಗ್ಗೆ 11

ಹದಿನಾರು ಸಾಲು ಬರೆದೆ. ಒಂದಕ್ಕೂ ಹಲ್ಲಿಲ್ಲ. ಅವನ ಟೋಪಿ, ಅವನ ಊರು, ಅವನ ಫುಟ್‌ಬಾಲ್ ತಂಡ... ಇದನ್ನೆಲ್ಲ ಕೇಳಿ ಯಾರು ನಗುತ್ತಾರೆ?

ಮಧ್ಯಾಹ್ನ 2

ಸಿಕ್ಕಿತು. ಹಿಂದೊಮ್ಮೆ ಬ್ಲ್ಯಾಕ್‌ಪೂಲಿಗೆ ಹೋಗುವ ಬಸ್ಸಿನಲ್ಲಿ ಕೆಸ್ಟರ್ ಹೇಳಿದ್ದು. ಆಲ್ಡನ್ ಹದಿನೈದರವರೆಗೆ ಉಗ್ಗುತ್ತಿದ್ದನಂತೆ. ಅಂಗಡಿಯಲ್ಲಿ ಹಾಲು ಕೇಳಲೂ ಆಗುತ್ತಿರಲಿಲ್ಲವಂತೆ. ರಜೆಗೆ ಕೆಸ್ಟರನ ಮನೆಗೆ ಬಂದಾಗ ಬಚ್ಚಲಿನ ಬಾಗಿಲು ಹಾಕಿಕೊಂಡು, ಯಾರಿಗೂ ಕೇಳಿಸದ ಹಾಗೆ ನಲ್ಲಿ ಬಿಟ್ಟುಕೊಂಡು, ಗಂಟೆಗಟ್ಟಲೆ ಹಾಡುತ್ತಿದ್ದನಂತೆ. ತಾಳದ ಮೇಲೆ ಮಾತ್ರ ನಾಲಿಗೆ ನೆಟ್ಟಗೆ ಓಡುತ್ತಿತ್ತಂತೆ. “ಯಾರ್ಗೂ ಹೇಳ್ಬೇಡ ಮಗಾ” ಅಂದಿದ್ದ ಕೆಸ್ಟರ್.

ಯಾರಿಗೂ ಹೇಳಿರಲಿಲ್ಲ. ಈಗ ಬರೆದಿದ್ದೇನೆ. ಅವನ ಹೆಸರನ್ನೇ ಉಗ್ಗಿ ಉಗ್ಗಿ ಹೇಳುವ ಸಾಲು, ಹಿಂದೆ ನಲ್ಲಿಯ ಸದ್ದು. ಭರ್ಜರಿಯಾಗಿದೆ. ಆದರೂ... ತೆಗೆಯಲೇ? ಕೆಸ್ಟರನಿಗೆ ಫೋನ್ ಮಾಡಿದೆ. ಟೈರ್ ಅಂಗಡಿಯಲ್ಲಿ ಕೆಲಸದಲ್ಲಿದ್ದಾನೆ, ಎತ್ತಲಿಲ್ಲ. ಎತ್ತದಿದ್ದದ್ದೇ ಒಳ್ಳೆಯದಾಯಿತು ಅನ್ನಿಸಿತು. ಇಲ್ಲಿ ಸುಳ್ಳು ಯಾಕೆ? ಹಾಗೇ ಅನ್ನಿಸಿತು.

ಮಾರ್ಚ್ 8, ಶುಕ್ರವಾರ

ಹಾಕಿದೆ. ಒಂದು ಗಂಟೆಗೆ ನಲವತ್ತು ಸಾವಿರ, ಸಂಜೆಗೆ ಆರು ಲಕ್ಷ. ಚಿಪ್ಸಿಗಲ್ಲ, ಹಾಡಿಗೆ! ಅಡುಗೆಮನೆಯಲ್ಲಿ ಕುಣಿದೆ.

ಅಮ್ಮ ಆಸ್ಪತ್ರೆಯ ಪಾಳಿ ಮುಗಿಸಿ ಬಂದಳು. ವಾರ್ಡಿನಲ್ಲಿ ಯಾರೋ ತೋರಿಸಿದ್ದಾರೆ. ಕೋಟು ಕೂಡ ಬಿಚ್ಚಲಿಲ್ಲ.

“ಯಾರನ್ನ ಕಣೋ ಹೀಗ್ ಆಡ್ಕೊಂಡಿರೋದು?”

“ಕ್ಲ್ಯಾಶ್ ಅಮ್ಮಾ, ಹಾಡಿನ ಜಗಳ. ಅದು ಇರೋದೇ ಹಾಗೆ.”

“ಆ ಹುಡ್ಗ ಇದೇ ಮೇಜಲ್ಲಿ ಮೇಕೆ ಸಾರು ಉಂಡು, ತಟ್ಟೆ ತೊಳ್ದಿಟ್ಟು ಹೋಗಿದ್ದ. ಭಾನುವಾರ ಚರ್ಚಲ್ಲಿ ಕೆಸ್ಟರ್ ಅಮ್ಮ ಸಿಕ್ರೆ ನಾನ್ ಯಾವ್ ಮುಖ ತೋರಿಸ್ಲಿ?”

ಅವನೇ ಮೊದಲು ಹೊಡೆದದ್ದು ಎಂದೆ. ಅಮ್ಮ ಕೆಟಲ್ ಇಟ್ಟಳು. ನನಗೆ ಟೀ ಕೊಡಲಿಲ್ಲ.

ಮಾರ್ಚ್ 9, ಶನಿವಾರ

ಕೆಸ್ಟರ್ ಬಂದಿದ್ದ. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತ.

“ಆ ಸಾಲು ನಿಂಗಲ್ಲ ಕಣೋ.”

“ಮತ್ಯಾರಿಗೆ? ಕಾರಲ್ಲಿ ಕೂತ್ಕೊಂಡು ತಿನ್ನೋನು ನಾನೇ ತಾನೇ?”

“ಅವ್ನೂ ತಿಂತಾನೆ. ವಾರಕ್ಕೆ ಆರು ದಿನ ಸ್ವಂತ ಕಾರಲ್ಲಿ ಪಾರ್ಸೆಲ್ ಹಂಚ್ತಾನೆ ಆಲ್ಡನ್. ಊಟ ಸ್ಟೀರಿಂಗ್ ಮೇಲೆ. ತನ್ನನ್ನ ತಾನೇ ಬೈಕೊಂಡಿದ್ದು ಅದು. ಇಡೀ ಹಾಡು ಕೇಳಿದ್ಯಾ ನೀನು?”

ಹನ್ನೆರಡು ಸಲ ಕೇಳಿದ್ದೆ. ಆ ಒಂದು ಸಾಲನ್ನು.

“ಒಂದ್ ಫೋನ್ ಮಾಡಿ ಕೇಳೋಕೆ ಏನಾಗಿತ್ತು ನಿಂಗೆ?”

“ನಮ್ಮಲ್ಲಿ ಹಾಗೆಲ್ಲ ಕೇಳಲ್ಲ. ನಿಂಗೂ ಗೊತ್ತು.”

“ಗೊತ್ತು” ಎಂದ. “ಬಚ್ಚಲ ವಿಷ್ಯ ನಾನು ಎಂಸಿ ಫ್ಲಿಂಟ್‌ಗೆ ಹೇಳಿರ್ಲಿಲ್ಲ ಕಣೋ. ಜೆವನ್‌ಗೆ ಹೇಳಿದ್ದೆ.”

ಹೋದ. ಇಡೀ ಹಾಡು ಈಗ ಕೇಳಿದೆ. ಮುಂದಿನ ಸಾಲಿನಲ್ಲೇ ಪಾರ್ಸೆಲ್ ಇದೆ. ಬಾಗಿಲು ತೆರೆಯದ ಮನೆಗಳು, ಅಟ್ಟಿಸಿಕೊಂಡು ಬರುವ ನಾಯಿ, ಸೀಟಿನ ಮೇಲೆ ಚೆಲ್ಲಿದ ಸೂಪು. ಎಷ್ಟು ಚೆನ್ನಾಗಿ ಬರೆದಿದ್ದಾನೆ, ಪಾಪಿ. ನನಗೆ ಅಳು ಬಂತು.

ನನ್ನದನ್ನು ತೆಗೆದುಹಾಕಬೇಕು. ಈಗ ಹನ್ನೊಂದು ಲಕ್ಷ... ನಾಳೆ ತೆಗೆಯುತ್ತೇನೆ.

ಮಾರ್ಚ್ 21, ಗುರುವಾರ

ನಿನ್ನೆ ತೆಗೆದೆ. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ಎಲ್ಲರ ಫೋನಿನಲ್ಲೂ ಇದೆ.

ಆಲ್ಡನ್ ಉತ್ತರ ಕೊಟ್ಟಿಲ್ಲ. ಅವನ ಪೇಜೇ ಇಲ್ಲ, ಹಾಡುಗಳೂ ಇಲ್ಲ. ಸುಮ್ಮನಿದ್ದವನು ಸೋತವನು, ಆದ್ದರಿಂದ ನಾನು ಗೆದ್ದೆ. ಹಾಗಂತ ಎಲ್ಲರೂ ಬರೆಯುತ್ತಿದ್ದಾರೆ. ಬಸ್ಸಿನ ಮೇಲಂತಸ್ತಿನಿಂದ ಶಾಲೆಯ ಹುಡುಗಿಯರು “ಆ-ಆ-ಆಲ್ಡನ್!” ಎಂದು ಕೂಗಿ ಪ್ರೀತಿಯಿಂದ ಕೈ ಬೀಸಿದರು. ನಾನೂ ಕೈ ಬೀಸಿದೆ. ಯಾಕೆ ಬೀಸಿದೆ?

ಕ್ಷಮೆ ಕೇಳುವ ವಿಡಿಯೋ ಮಾಡಿದ್ದೆ. ಅಭ್ಯಾಸಬಲ, ಕಾರಿನಲ್ಲೇ ಕೂತು ಮಾಡಿದೆ. ನಾಲ್ಕು ನಿಮಿಷ, ಕೈಯಲ್ಲಿ ಚಿಪ್ಸ್ ಇಲ್ಲದೆ. ಮೊದಲ ಕಾಮೆಂಟು — “ಈ ಕ್ಷಮೆಗೆ ಹತ್ತಕ್ಕೆ ಎಷ್ಟು, ಜೆವ್?” ಆಮೇಲೆ ಬಂದವರೆಲ್ಲ ಅಂಕ ಕೊಟ್ಟು ಹೋದರು. ಜಾಸ್ತಿ ಜನ ಎಂಟು ಕೊಟ್ಟಿದ್ದಾರೆ.

ಆಲ್ಡನ್‌ಗೆ ಕಳಿಸಿದ ಮೆಸೇಜು ತಲುಪಿಲ್ಲ.

ಮಾರ್ಚ್ 28, ಗುರುವಾರ

ಲಂಡನ್ನಿನ ರೇಡಿಯೋದವರು ಕರೆದಿದ್ದಾರೆ. ಭಾನುವಾರ ಮಧ್ಯಾಹ್ನ, ಅರ್ಧ ಗಂಟೆ, ನೇರ ಪ್ರಸಾರ. ಹದಿನಾಲ್ಕು ವರ್ಷ ಕಾದದ್ದು ಇದಕ್ಕೇ. ನಿಮ್ಮ ಡಿಜೆಯನ್ನೇ ಕರೆದುಕೊಂಡು ಬನ್ನಿ ಅಂದರು. ಟೈರ್ ಅಂಗಡಿಗೆ ಹೋದೆ. ಕೆಸ್ಟರ್ ಚಕ್ರ ಬಿಚ್ಚುತ್ತಿದ್ದವನು ತಲೆ ಎತ್ತಲಿಲ್ಲ.

“ಹೋದ್ ವರ್ಷನೇ ಮಾತು ಕೊಟ್ಟಿದ್ದೆ, ರೇಡಿಯೋದವ್ರು ಕರೆದ್ರೆ ಬರ್ತೀನಿ ಅಂತ. ಬರ್ತೀನಿ.”

“ಆಲ್ಡನ್ ಹೇಗಿದ್ದಾನೆ?”

“ಪಾರ್ಸೆಲ್ ಕೊಡುವಾಗ ಬಾಗಿಲಲ್ಲಿ ಹೆಸರು ಕೇಳ್ಬೇಕಲ್ಲ? ಈಗ ಕೇಳೋಕಾಗ್ತಿಲ್ಲ. ಫೋನಲ್ಲಿ ಬರೆದು ತೋರಿಸ್ತಾನೆ.”

ಇನ್ನೇನಾದರೂ ಅಂದಿದ್ದರೆ ಚೆನ್ನಾಗಿತ್ತು. ಹೊಡೆದಿದ್ದರೂ ಚೆನ್ನಾಗಿತ್ತು. ಮುಂದಿನ ಚಕ್ರಕ್ಕೆ ಹೋದ.

ಮಾರ್ಚ್ 31, ಭಾನುವಾರ, ಸಂಜೆ 6

ಬೇಸಿಗೆ ಬಂತೆಂದು ಇಂದಿನಿಂದ ದೇಶದ ಗಡಿಯಾರಗಳೆಲ್ಲ ಒಂದು ಗಂಟೆ ಮುಂದೆ. ರೈಲಿನಲ್ಲಿ ಕೆಸ್ಟರ್ ಎದುರಿನ ಸೀಟಿನಲ್ಲಿ ಕೂತು ನಿದ್ದೆ ಮಾಡಿದ, ಅಥವಾ ಕಣ್ಣು ಮುಚ್ಚಿಕೊಂಡಿದ್ದ.

ರೇಡಿಯೋದವರ ಸಣ್ಣ ಕೋಣೆ, ಮೂವತ್ತು ಜನ. ಉಗ್ಗುವ ಆ ಸಾಲು ಹೇಳುವುದಿಲ್ಲ ಎಂದು ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ಹೊಸದು ಹಾಡಿದೆ. ಅಮ್ಮನ ಪಾಳಿಯ ಬಗ್ಗೆ, ಚರ್ಚಿನ ಬಗ್ಗೆ. ನಾನು ಬರೆದದ್ದರಲ್ಲೇ ಒಳ್ಳೆಯದು. ಒಬ್ಬನೂ ಅಲುಗಾಡಲಿಲ್ಲ. ಇಬ್ಬರು ಫೋನ್ ನೋಡುತ್ತಿದ್ದರು. ಆಗ... ಹೇಳಿಬಿಟ್ಟೆ. ಯಾರೂ ಬಲವಂತ ಮಾಡಲಿಲ್ಲ. ನಾನೇ ಹೇಳಿದೆ.

ಕೋಣೆಗೆ ಕೋಣೆಯೇ ಹುಚ್ಚೆದ್ದಿತು. ಗೋಡೆ ಬಡಿಯತೊಡಗಿದರು — “ಮತ್ತೆ! ಮತ್ತೆ!” ಜನ ಹಾಗೆ ಗೋಡೆ ಬಡಿದರೆ ಡಿಜೆ ರೆಕಾರ್ಡ್ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮೊದಲಿಂದ ಹಾಕಬೇಕು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಕೊಡುವುದೂ ಬಿಡುವುದೂ ಡಿಜೆಯ ಕೈಯಲ್ಲಿ.

ಕೆಸ್ಟರ್ ಕೊಡುವುದಿಲ್ಲ ಅಂದುಕೊಂಡೆ. ಕೊಟ್ಟ. ರೆಕಾರ್ಡಿನ ಮೇಲೆ ಅಂಗೈ ಇಟ್ಟು ಹಿಂದಕ್ಕೆ ಎಳೆದ. ಮೂರು ವಾರದಲ್ಲಿ ಮೊದಲ ಸಲ ನನ್ನ ಮುಖ ನೋಡಿದ.

“ಹೇಳು. ಕೇಳ್ತಿದೀನಿ.”

ತಾಳ ಶುರುವಾಯಿತು. ಬಾಯಿ ತೆರೆದೆ. “ಆ” ಎಂಬುದು ಬಂತು. ಮುಂದಿನದು ಬರಲಿಲ್ಲ. ಇನ್ನೊಮ್ಮೆ “ಆ”. ಎಷ್ಟು ಎಳೆದರೂ ಹೆಸರು ಬರಲಿಲ್ಲ. ಜನ ಬಿದ್ದು ಬಿದ್ದು ನಕ್ಕರು, ಉಗ್ಗುವುದನ್ನು ಎಷ್ಟು ಚೆನ್ನಾಗಿ ಆಡಿ ತೋರಿಸುತ್ತಿದ್ದಾನೆ ಅಂದುಕೊಂಡು. ಮತ್ತೆ ಗೋಡೆ ಬಡಿದರು. ನಗದೆ ಇದ್ದವನು ಕೆಸ್ಟರ್ ಒಬ್ಬನೇ. ಅವನಿಗೆ ಗೊತ್ತಾಯಿತು. ತಾನೇ ಸದ್ದು ಇಳಿಸಿದ.

ಈ ವರ್ಷದ ಅತ್ಯುತ್ತಮ ಕಾರ್ಯಕ್ರಮ ಅಂದರು ರೇಡಿಯೋದವರು. ಬೆನ್ನು ತಟ್ಟಿದರು. ಮುಂದಿನ ತಿಂಗಳೂ ಬಾ ಅಂದರು. ಕೆಸ್ಟರ್ ಬೇರೆ ರೈಲು ಹಿಡಿದ.

ಮನೆಗೆ ಬಂದಾಗ ಅಮ್ಮ ರೇಡಿಯೋದ ಮುಂದೆಯೇ ಕೂತಿದ್ದಳು. “ಮತ್ತೆ ಆಡ್ಕೊಂಡ್ಯಲ್ಲೋ ಆ ಹುಡ್ಗನ್ನ” ಎಂದಳು. ಇಲ್ಲಮ್ಮಾ, ಎರಡನೇ ಸಲ ನಾನು ಆಡಲಿಲ್ಲ, ನಿಜವಾಗಿಯೂ ನನ್ನ ನಾಲಿಗೆ — ಎಂದು ಹೇಳಹೋದೆ. ಬಾಯಿ ತೆರೆದರೆ “ಇ” ಒಂದೇ ಬಂತು, ಮುಂದಿನದು ಬರಲಿಲ್ಲ.