ನಿನ್ನ ಸವತಿ, ನನ್ನ ದಿಬ್ಬ

ಬುಧವಾರ, ಮಧ್ಯಾಹ್ನ

ಮುನಿಸಿನ ಮಹಾರಾಣಿಗೆ,

ತಪ್ಪೊಪ್ಪಿಗೆಯಿಂದಲೇ ಶುರುಮಾಡುತ್ತೇನೆ. ಸ್ಮಾರಕ ರಕ್ಷಣಾ ಇಲಾಖೆಯ ಮೇಲ್ವಿಚಾರಕನಾದ ನಾನು, ಬುದ್ಧಿ ನೆಟ್ಟಗಿರುವಾಗಲೇ, ಹಾಡಹಗಲಲ್ಲಿ, ಒಂದು ಸರ್ಕಾರಿ ಫಲಕವನ್ನು ಕದ್ದಿದ್ದೇನೆ. ‘ಸಂರಕ್ಷಿತ ಸ್ಥಳ. ಹಾನಿ ಮಾಡಿದವರಿಗೆ ಶಿಕ್ಷೆ’ ಎಂದು ಬರೆದದ್ದು. ಈ ಪತ್ರವನ್ನು ಅದರ ಬೆನ್ನ ಮೇಲಿಟ್ಟೇ ಬರೆಯುತ್ತಿದ್ದೇನೆ. ನಮ್ಮ ಕುಂಟು ಮೇಜಿಗಿಂತ ವಾಸಿ. ಕಾಯಲು ಏನೂ ಉಳಿಯದ ಮೇಲೆ ಫಲಕಕ್ಕೂ ಒಂದು ಕೆಲಸ ಬೇಡವೇ?

ನೀನು ಸವತಿ ಎಂದು ಕರೆಯುತ್ತಿದ್ದೆಯಲ್ಲ, ಆ ಸಮಾಧಿ ದಿಬ್ಬ ಸೋಮವಾರ ಹೋಯಿತು. ಈ ನಾಡಿಗೆ ಅಕ್ಷರ ಬರುವ ಮೊದಲೇ ಯಾರೋ ತಮ್ಮವರನ್ನು ಮಲಗಿಸಿ, ಸುತ್ತ ಕಲ್ಲು ನಿಲ್ಲಿಸಿ, ಬುಟ್ಟಿ ಬುಟ್ಟಿ ಮಣ್ಣು ಹೊತ್ತು ಹಾಕಿದ್ದು. ರಸ್ತೆಯವರ ಬುಲ್ಡೋಜರಿಗೆ ಊಟದ ಹೊತ್ತಿನೊಳಗೆ ಮುಗಿಯಿತು. ಕೊನೆಗೊಂದು ಮಡಕೆಯ ಕಂಠ ಹೊರಬಿತ್ತು. ಒಳಗೆ ಪುಟ್ಟ ಪುಟ್ಟ ಮೂಳೆಗಳು. ಯಂತ್ರ ಅದರ ಮೇಲೂ ಹೋಯಿತು.

ಹನ್ನೊಂದು ವರ್ಷ ಒಂದು ಹಿಡಿ ಮಣ್ಣು ಕದಲಲು ಬಿಟ್ಟವನಲ್ಲ ನಾನು. ಕುರಿ ಹತ್ತಿದರೆ ಕುರಿಗೇ ನೋಟಿಸು ಕೊಡುವ ಗಿರಾಕಿ ಎಂದು ನೀನೇ ಆಡಿಕೊಳ್ಳುತ್ತಿದ್ದೆ. ನಿನ್ನ ತಂಗಿಯ ಮದುವೆಗೆ ಬಾರದಿದ್ದದ್ದು, ನೀನು ಪೆಟ್ಟಿಗೆ ತುಂಬಿಕೊಂಡು ಹೊರಟ ದಿನ ಬೇಲಿ ಕಟ್ಟಿಸುತ್ತ ನಿಂತಿದ್ದದ್ದು, ಎಲ್ಲ ಅದಕ್ಕಾಗಿಯೇ. ಸೋಮವಾರವೂ ಯಂತ್ರಕ್ಕೆ ಅಡ್ಡ ನಿಂತೆ. ಮೇಸ್ತ್ರಿ ಬೈಯಲಿಲ್ಲ, ಪಾಪ. ನಮ್ಮದೇ ಇಲಾಖೆಯ ನಕ್ಷೆ ಬಿಡಿಸಿ ತೋರಿಸಿದ.

“ನೋಡಿ ಸಾರ್, ಕಾಗದದ ಪ್ರಕಾರ ನೀವು ಕಾಪಾಡ್ತಿರೋದು ಪಕ್ಕದ ಖಾಲಿ ಹೊಲಾನ. ನಿಮ್ಮ ದಿಬ್ಬ ಗೆರೆಯಿಂದ ಆಚೆಗಿದೆ.”

ಆ ಹೊಲ ಇವತ್ತಿಗೂ ಭದ್ರವಾಗಿದೆ. ಹುಲ್ಲುಕಡ್ಡಿ ಕಿತ್ತರೂ ಜೈಲು. ಅಳತೆ ಬಾರದ ಯಾವನೋ ಮಹಾನುಭಾವ ಎಲ್ಲಿಂದಲೋ ಟೇಪು ಹಿಡಿದಿದ್ದಾನೆ. ದಿಬ್ಬ ಹೋದದ್ದಕ್ಕೆ ನಾಳೆ ಇಲಾಖೆ ಇಟ್ಟಿರುವ ವಿಚಾರಣೆಯಲ್ಲಿ ಹಾಗೆಂದೇ ಹೇಳಬೇಕೆಂದಿದ್ದೇನೆ. ಆಮೇಲೇನು, ಗೊತ್ತಿಲ್ಲ. ಬೆಳಿಗ್ಗೆ ಎದ್ದರೆ ಕಾಲು ತಾನಾಗಿ ಅಲ್ಲಿಗೇ ಹೋಗುತ್ತದೆ. ಏರು ಬರುತ್ತದೆಂದು ಹೆಜ್ಜೆ ಎತ್ತುತ್ತೇನೆ, ಬರುವುದಿಲ್ಲ.

ಬಾ ಎಂದು ಕರೆಯುವ ಮುಖ ನನಗಿಲ್ಲ. ಸವತಿ ಇನ್ನಿಲ್ಲವೆಂದು ತಿಳಿಸಿದೆ, ಅಷ್ಟೆ.

ಇತಿ,
ಬಯಲು ಕಾಯುತ್ತಿರುವ ನಿನ್ನ ಗಂಡ

ತಾ.ಕ.: ಆ ಮಹಾನುಭಾವ ನಾನೇ. ನಕ್ಷೆಯ ಕೆಳಗೆ ನನ್ನದೇ ಸಹಿಯಿದೆ. ಗಡಿ ಅಳೆದ ದಿನ ನೀನು ಬುತ್ತಿ ತಂದಿದ್ದೆ, ನೆನಪಿದೆಯೇ? ದಿಬ್ಬದ ನೆತ್ತಿಯ ಕಲ್ಲಿನಿಂದ ಟೇಪು ಹಿಡಿಯಬೇಕಿತ್ತು. ಬಿಸಿಲು ಜೋರಿತ್ತು; ಆಚೆ ಮರದ ನೆರಳಲ್ಲಿ ಕೂತಲ್ಲಿಂದಲೇ ಹಿಡಿಸಿದೆ. ಮೇಲೆ ಹತ್ತೋದಿಲ್ವಾ ಎಂದು ನೀನೊಬ್ಬಳೇ ಕೇಳಿದ್ದು. ನಾನು ಬಾಯಿತುಂಬ ಅನ್ನ ಇಟ್ಟುಕೊಂಡು ನಕ್ಕಿದ್ದೆ: “ಮೂರು ಸಾವಿರ ವರ್ಷದಿಂದ ಅಲ್ಲೇ ಇದೆ ಕಣೇ. ಎಲ್ಲಿಗೆ ಹೋಗುತ್ತೆ?”